ಮಾಡಿದ ಕೆಲಸವನ್ನು ಆನ್‌ಲೈನಿನಲ್ಲಿ ಹಾಕಲು ಅಂಜಿಕೆಯೇ? ಯಾವುದು ಮೊದಲು, ಯಾವುದು ಆಮೇಲೆ: ಸಮಗ್ರ ಮಾರ್ಗದರ್ಶಿ

ಕಥೆ ಬರೆದು ಮುಗಿದಿರುತ್ತದೆ. ಹಾಡು ರೆಕಾರ್ಡ್ ಆಗಿರುತ್ತದೆ. ಆದರೆ ಅದು ಫೋನಿನ ಡ್ರಾಫ್ಟಿನಲ್ಲೇ ಉಳಿದಿರುತ್ತದೆ. ಒಂದು ರಾತ್ರಿ ಹೇಗೋ ಧೈರ್ಯ ಬಂದು ಹಾಕಿಬಿಡುತ್ತಾರೆ, ಬೆಳಗ್ಗೆ ಏಳುವಾಗ ಎದೆ ಡವಗುಟ್ಟಿ ಅಳಿಸಿಬಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ. ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಬರೆಯುವವರು, ಹಾಡುವವರು, ಚಿತ್ರ ಬಿಡಿಸುವವರು ಇದೇ ಜಾಗದಲ್ಲಿ ಮತ್ತೆ ಮತ್ತೆ ಎಡವುವುದನ್ನು ನೋಡಿ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ತಮಗೆ ಧೈರ್ಯ ಸಾಲದು ಎಂದು ಅವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಕಾಣುವ ತಪ್ಪು ಕ್ರಮದ್ದು. ತಮಗೆ ತುಂಬಾ ಹತ್ತಿರವಾದ ಕೆಲಸವನ್ನು, ಪೂರ್ತಿ ಹೆಸರು ಹಾಕಿ, ಪರಿಚಯದ ಎಲ್ಲರೂ ನೋಡುವ ಜಾಗದಲ್ಲಿ, ಮೊದಲ ಸಲವೇ ಇಡುತ್ತಾರೆ. ಈಜು ಬಾರದವರು ಜೂನ್ ತಿಂಗಳಲ್ಲಿ ಪಣಂಬೂರಿನ ಕಡಲಿಗೆ ಇಳಿದ ಹಾಗೆ.

ನಮ್ಮ ಊರಿನದ್ದೇ ಒಂದು ತೊಡಕೂ ಉಂಟು. ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತರೆ, ಉಡುಪಿಯ ರಥಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ, ಯಾರಾದರೂ ಗುರುತಿನವರು ಸಿಗುತ್ತಾರೆ. "ನೀನು ಅವರ ಮಗಳಲ್ವಾ? ನಿನ್ನದೊಂದು ವಿಡಿಯೋ ಬಂದಿತ್ತು ಮಾರಾಯ್ತಿ" ಅನ್ನುತ್ತಾರೆ. ಅದಕ್ಕೇ ಇಲ್ಲಿಯವರಿಗೆ ದೂರದ ಅಪರಿಚಿತರ ಹೆದರಿಕೆ ಕಡಿಮೆ, ಕುಟುಂಬದ ವಾಟ್ಸಾಪ್ ಗುಂಪಿನ ದೊಡ್ಡಪ್ಪನ ಹೆದರಿಕೆ ಹೆಚ್ಚು. ಕೆಳಗಿನ ಕ್ರಮ ಇದನ್ನೇ ಆಧರಿಸಿದೆ. ಗುರುತಿಲ್ಲದವರು ಮೊದಲು, ಗುರುತಿನವರು ಕೊನೆಗೆ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಫೋನ್ ಸಾಕು, ಕ್ಯಾಮರಾ ಮೈಕು ಏನೂ ಬೇಡ. ಹೊಸ ಮೈಕು ಬಂದ ಮೇಲೆ ಶುರು ಮಾಡುತ್ತೇನೆ ಎನ್ನುವುದು ಮುಂದೂಡುವ ದಾರಿ, ಅದರಲ್ಲಿ ಸಿಕ್ಕಿಬೀಳಬೇಡಿ.

ಒಂದು ಸಣ್ಣ ನೋಟ್‌ಬುಕ್ ಬೇಕು. ಫೋನಿನ ನೋಟ್ಸ್ ಬೇಡ, ಕಾಗದದ್ದೇ ಇರಲಿ. ಪೋಸ್ಟ್ ಹಾಕಿದ ಮೇಲೆ ಫೋನನ್ನು ದೂರ ಇಡಬೇಕಾಗುತ್ತದೆ, ಆಗ ಬರೆಯಲು ಬೇರೆ ಜಾಗ ಇರಬೇಕು. ಹೊಸ ಖಾತೆಗೆ ಬಳಸಲು ಒಂದು ಪ್ರತ್ಯೇಕ ಇಮೇಲ್ ವಿಳಾಸ ಮಾಡಿಟ್ಟುಕೊಳ್ಳಿ. ಮೂಲ ಕಡತಗಳನ್ನು ತಾರೀಖಿನ ಸಮೇತ ಫೋನಿನ ಹೊರಗೆ ಇನ್ನೊಂದು ಕಡೆ ಉಳಿಸಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ. ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಎಲ್ಲ ಫೋನುಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸಿ, ಬೇರೆಯವರ ಫೋನಿಗೆ ಕಳಿಸಿ ಒಮ್ಮೆ ನೋಡಿ. ಮೊದಲ ಪೋಸ್ಟೇ ಹೀಗೆ ಹಾಳಾಗಿ, "ಇದೆಂತದು?" ಎಂಬ ಒಂದು ಪ್ರಶ್ನೆಗೆ ಕುಗ್ಗಿ ಬಿಟ್ಟುಬಿಟ್ಟವರಿದ್ದಾರೆ.

## ಹಂತ 1: ಹೆದರಿಕೆ ಯಾರದ್ದು, ಯಾವುದರದ್ದು ಎಂದು ಬರೆಯಿರಿ

"ಹೆದರಿಕೆ ಆಗ್ತದೆ" ಎಂದಷ್ಟೇ ಹೇಳಿದರೆ ಅದಕ್ಕೆ ಮದ್ದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಇದನ್ನು ಹಾಕಿದರೆ" ಎಂದು ಶುರು ಮಾಡಿ, ಮುಂದೆ ಏನಾಗುತ್ತದೆ ಎಂದು ಅನಿಸುತ್ತದೋ ಅದನ್ನು ಬರೆಯಿರಿ. ಯಾರ ಮುಖ ಕಣ್ಣ ಮುಂದೆ ಬರುತ್ತದೋ ಅವರ ಹೆಸರೂ ಇರಲಿ. ನೀವು ಮಾತ್ರ ಓದುವ ಪುಟ ಇದು. ಬರೆದದ್ದು ಹೆಚ್ಚುಕಡಿಮೆ ನಾಲ್ಕು ಬಗೆಯಲ್ಲಿ ಬರುತ್ತದೆ, ಒಂದೊಂದರ ದಾರಿಯೂ ಬೇರೆ.

ಗುರುತಿನವರು ನಗುತ್ತಾರೆ. ಬಹಳ ಮಂದಿಯದ್ದು ಇದೇ. ಇದಕ್ಕೆ ಒಂದು ಪ್ರಯೋಗದ ಫಲಿತಾಂಶ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ್ದು. ಒಬ್ಬ ಹಾಡುಗಾರನ ದೊಡ್ಡ ಮುಖವಿರುವ, ಹಾಕಿಕೊಳ್ಳಲು ಮುಜುಗರವಾಗುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ನಿಮ್ಮನ್ನು ನೋಡುತ್ತಿದ್ದಾರೆ ಎಂದು ನೀವು ಎಣಿಸುವಷ್ಟು ಜನ ನೋಡುತ್ತಿರುವುದಿಲ್ಲ.

ಕೆಲಸ ಚೆನ್ನಾಗಿಲ್ಲ. ಇದಕ್ಕೆ ಉತ್ತರ ಹಂತ 3ರಲ್ಲಿ ಸಿಗುತ್ತದೆ, ಈಗ ತಲೆ ಕೆಡಿಸಿಕೊಳ್ಳಬೇಡಿ.

ಯಾರಾದರೂ ಕದಿಯುತ್ತಾರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು, ನೋಂದಣಿ ಕಡ್ಡಾಯವಲ್ಲ. ಕಥೆ, ಕವಿತೆ, ಚಿತ್ರಗಳಿಗೆ ಈ ಹಕ್ಕು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹಕ್ಕು ಇದ್ದರೂ ಕದಿಯುವವರು ಕದಿಯಬಹುದು, ಆಗ ತಾರೀಖಿರುವ ಮೂಲ ಕಡತ ನಿಮ್ಮ ಸಾಕ್ಷಿ. ಚಿತ್ರವಾದರೆ ಸಣ್ಣ ಅಳತೆಯದ್ದನ್ನು ಹಾಕಿ, ದೊಡ್ಡದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ನಿಜವಾದ ತೊಂದರೆ ಬರುತ್ತದೆ. ಈ ನಾಲ್ಕನೆಯದನ್ನು ಹೆದರಿಕೆಯ ಪಟ್ಟಿಯಿಂದ ಹೊರಗೆ ತೆಗೆಯಿರಿ, ಇದು ಎಚ್ಚರಿಕೆ. ಆಫೀಸಿನ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಎಂದಿದೆಯೇ? ಚಿತ್ರದಲ್ಲಿ ಬೇರೆಯವರ ಮಗು ಇದೆಯೇ? ದೈವಾರಾಧನೆಯ ನೇಮ, ಕೋಲದ ವಿಡಿಯೋವೇ? ಹಲವು ಕಡೆ ದೈವದ ಆವೇಶದ ಹೊತ್ತಿನಲ್ಲಿ ಚಿತ್ರೀಕರಿಸುವುದನ್ನು ಮನೆಯವರೂ ಊರವರೂ ಒಪ್ಪುವುದಿಲ್ಲ, ಅದನ್ನು ನಂಬಿಕೆಯ ಉಲ್ಲಂಘನೆ ಎಂದೇ ತಿಳಿಯುತ್ತಾರೆ. ಅಲ್ಲಿ ಧೈರ್ಯ ತೋರಿಸುವ ಕೆಲಸ ಇಲ್ಲ. ಕೇಳಬೇಕು, ಬೇಡ ಅಂದರೆ ಬಿಡಬೇಕು.

## ಹಂತ 2: ಮೊದಲು ಹಾಕುವುದಕ್ಕೆ ಮಧ್ಯಮದ್ದನ್ನು ಆರಿಸಿ

ಅಜ್ಜಿ ತೀರಿಕೊಂಡಾಗ ಬರೆದ ಕವಿತೆಯನ್ನು ಮೊದಲು ಹಾಕಬೇಡಿ. ಅದಕ್ಕೆ ಯಾರೂ ಏನೂ ಹೇಳದಿದ್ದರೆ ಆಗುವ ನೋವು ಕೆಲಸದ ಬಗ್ಗೆ ಆಗಿರುವುದಿಲ್ಲ, ಅಜ್ಜಿಯ ಬಗ್ಗೆ ಆಗುತ್ತದೆ. ಹತ್ತರಲ್ಲಿ ಆರು ಏಳು ಅಂಕ ಕೊಡಬಹುದಾದ, ಮನಸ್ಸಿಗೆ ತೀರಾ ಅಂಟಿಕೊಂಡಿರದ ಕೆಲಸ ಮೊದಲ ಸಾಲಿಗೆ ಸರಿ.

ಸಣ್ಣದಿರಲಿ. ಯಕ್ಷಗಾನದ ಹಾಡುಗಾರಿಕೆ, ಅಂದರೆ ಭಾಗವತಿಕೆ ಕಲಿಯುವವರು ಇಡೀ ಪ್ರಸಂಗ ಬೇಡ, ಒಂದು ಪದ್ಯ ಸಾಕು. ಚಿತ್ರ ಬಿಡಿಸುವವರು ಕಾಪು ದೀಪಸ್ತಂಭದ ಒಂದು ಪೆನ್ಸಿಲ್ ಸ್ಕೆಚ್. ಕಥೆಗಾರರು ಒಂದು ಪುಟದ ಕಥೆ. ಮಣಿಪಾಲದಲ್ಲಿ ಕೋಡ್ ಬರೆಯುವ ಹುಡುಗರು ಒಂದು ಸಣ್ಣ ಉಪಕರಣ, ಅದನ್ನು ಬಳಸುವ ವಿಧಾನದ ನಾಲ್ಕು ಸಾಲು.

ಮೊದಲನೆಯದನ್ನು ಹಾಕುವ ಮುಂಚೆ ಐದು ಕೆಲಸ ಸಿದ್ಧ ಇರಬೇಕು. ಈ ಸಾಲನ್ನು ಹೆಚ್ಚಿನವರು ಓದಿ ದಾಟಿಬಿಡುತ್ತಾರೆ, ಆಮೇಲೆ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಒಂದೇ ಕೆಲಸ ಇದ್ದರೆ ನಿಮ್ಮ ಯೋಗ್ಯತೆಯೆಲ್ಲ ಅದರ ಮೇಲೆ ನಿಂತ ಹಾಗೆ ಅನಿಸುತ್ತದೆ. ಹಿಂದೆ ನಾಲ್ಕು ಕಾಯುತ್ತಿದ್ದರೆ ಮನಸ್ಸು ತಾನಾಗಿ ಮುಂದಿನದರ ಕಡೆ ಹೋಗುತ್ತದೆ.

ತಿದ್ದುವುದಕ್ಕೂ ಮಿತಿ ಇಡಿ. ಬರೆದ ಮೇಲೆ ಒಂದು ವಾರ ಬಿಟ್ಟು ಒಮ್ಮೆ, ಹಾಕುವ ಹಿಂದಿನ ದಿನ ಇನ್ನೊಮ್ಮೆ. ಮೂರನೆಯ ಸಲ ಕೈ ಹಾಕಿದರೆ ಅಲ್ಲಿ ಕೆಲಸ ಮಾಡುತ್ತಿರುವುದು ಹೆದರಿಕೆ.

## ಹಂತ 3: ಒಬ್ಬರಿಗೆ ತೋರಿಸಿ, ಪ್ರಶ್ನೆ ಸರಿಯಾಗಿ ಕೇಳಿ

ಒಬ್ಬರೇ ಒಬ್ಬರು. ಮನೆಯವರು ಬೇಡ, ತೀರಾ ಹತ್ತಿರದ ಗೆಳೆಯರೂ ಬೇಡ. ಅದೇ ಬಗೆಯ ಕೆಲಸ ಮಾಡುವ, ನಿಮಗಿಂತ ಸ್ವಲ್ಪ ಮುಂದಿರುವ, ಮಾತು ಇನ್ನೊಂದು ಕಡೆ ದಾಟಿಸದ ಒಬ್ಬರು. ಕಾಲೇಜಿನ ಹಳೆಯ ಮೇಷ್ಟ್ರು ಆಗಬಹುದು, ಗ್ರಂಥಾಲಯದಲ್ಲಿ ಪರಿಚಯವಾದ ಹಿರಿಯ ಓದುಗರು ಆಗಬಹುದು.

"ಹೇಗುಂಟು?" ಎಂದು ಕೇಳಬೇಡಿ. "ಲಾಯ್ಕುಂಟು" ಎಂಬ ಉತ್ತರ ಬರುತ್ತದೆ. ಅದು ಪ್ರೀತಿಯಿಂದ ಬಂದದ್ದೇ, ಆದರೆ ನಿಮಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ ನೋಡಿ:

"ಸರ್, ಒಂದು ಪುಟದ ಕಥೆ ಕಳಿಸಿದ್ದೇನೆ. ಎರಡು ವಿಷಯ ಮಾತ್ರ ಹೇಳಿದರೆ ಸಾಕು. ಯಾವ ಸಾಲಿನ ಹತ್ತಿರ ಓದುವುದು ನಿಲ್ಲಿಸುವ ಅಂತ ಅನಿಸಿತು? ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿದದ್ದು ಯಾವುದು? ಪುರುಸೊತ್ತಾದಾಗ ಹೇಳಿ, ಅವಸರ ಇಲ್ಲ."

ಮೊದಲ ಪ್ರಶ್ನೆಗೆ ಉತ್ತರ ಕೊಟ್ಟರೆ ಅವರು ನಿಮ್ಮನ್ನು ಟೀಕಿಸಿದ ಹಾಗಾಗುವುದಿಲ್ಲ, ಒಂದು ಜಾಗ ತೋರಿಸಿದ ಹಾಗೆ ಆಗುತ್ತದೆ. ಹೇಳುವವರಿಗೂ ಹಗುರ, ಕೇಳುವವರಿಗೂ ಹಗುರ. ಹೇಳಿದ್ದನ್ನು ಬರೆದುಕೊಳ್ಳಿ, "ಧನ್ಯವಾದ ಸರ್, ನೋಡ್ತೇನೆ" ಎಂದು ಅಲ್ಲಿಗೆ ನಿಲ್ಲಿಸಿ. "ಇಲ್ಲ ಸರ್, ಅದು ಯಾಕೆ ಹಾಗೆ ಬರೆದೆ ಅಂದ್ರೆ..." ಎಂದು ವಿವರಿಸಲು ಹೋಗಬೇಡಿ. ಈ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಹಂತ 7ರಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

## ಹಂತ 4: ಬೇರೆ ಖಾತೆ ತೆರೆಯಿರಿ, ಬಾಗಿಲುಗಳನ್ನು ನೀವೇ ಹೊಂದಿಸಿ

ಮದುವೆ ಫೋಟೋ, ಬರ್ತ್‌ಡೇ ಶುಭಾಶಯ ಇರುವ ಹಳೆಯ ಖಾತೆಯಲ್ಲಿ ಕೆಲಸ ಹಾಕಬೇಡಿ. ಅಲ್ಲಿರುವವರು ನಿಮ್ಮನ್ನು ನೋಡಲು ಬಂದವರು, ನಿಮ್ಮ ಕೆಲಸ ನೋಡಲು ಬಂದವರಲ್ಲ.

ಹೊಸ ಖಾತೆಯನ್ನು ಆ ಪ್ರತ್ಯೇಕ ಇಮೇಲಿನಿಂದ ತೆರೆಯಿರಿ, ಫೋನ್ ನಂಬರಿನಿಂದ ಬೇಡ. ಇನ್‌ಸ್ಟಾಗ್ರಾಮ್ "ನಿಮ್ಮ ಕಾಂಟ್ಯಾಕ್ಟ್ಸ್ ಸಿಂಕ್ ಮಾಡಲೇ?" ಎಂದು ಕೇಳಿದಾಗ ಬೇಡ ಅನ್ನಿ. ಇಲ್ಲದಿದ್ದರೆ ನಿಮ್ಮ ಖಾತೆ ಸೋದರತ್ತೆಯ ಫೋನಿನಲ್ಲಿ ಸಲಹೆಯಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹೀಗೆ ಮಾಡಿದರೂ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ ಎಂದು ನಂಬಿಕೊಳ್ಳಬೇಡಿ. ಮೊದಲ ಕೆಲವು ವಾರಗಳ ಉಸಿರಾಟಕ್ಕೆ ಜಾಗ ಸಿಗಲಿ ಎಂದಷ್ಟೇ ಈ ಏರ್ಪಾಡು.

ಪೂರ್ತಿ ಸಾರ್ವಜನಿಕಕ್ಕೂ ಪೂರ್ತಿ ಗುಟ್ಟಿಗೂ ನಡುವೆ ಮೆಟ್ಟಿಲುಗಳಿವೆ, ಅವನ್ನು ಬಳಸಿ. ಯೂಟ್ಯೂಬಿನಲ್ಲಿ ವಿಡಿಯೋವನ್ನು "ಅನ್‌ಲಿಸ್ಟೆಡ್" ಎಂದು ಹಾಕಿದರೆ ಲಿಂಕ್ ಇದ್ದವರು ಮಾತ್ರ ನೋಡಬಹುದು, ಹುಡುಕಾಟದಲ್ಲಿ ಬರುವುದಿಲ್ಲ. ಇನ್‌ಸ್ಟಾಗ್ರಾಮ್ ಸ್ಟೋರಿಯನ್ನು "ಕ್ಲೋಸ್ ಫ್ರೆಂಡ್ಸ್" ಪಟ್ಟಿಗೆ ಮಾತ್ರ ತೋರಿಸಬಹುದು. ವಾಟ್ಸಾಪ್ ಸ್ಟೇಟಸನ್ನು ಆರಿಸಿದ ಕೆಲವರಿಗೆ ಮಾತ್ರ ಕಾಣುವ ಹಾಗೆ ಇಡಬಹುದು, 24 ಗಂಟೆಯಲ್ಲಿ ತಾನಾಗಿ ಹೋಗುತ್ತದೆ. ಮೊದಲ ಅಭ್ಯಾಸಕ್ಕೆ ಇವು ಒಳ್ಳೆಯವು. ಆದರೆ ಇಲ್ಲೇ ತಿಂಗಳುಗಟ್ಟಲೆ ಕೂತರೆ ಕೆಲಸ ಮುಂದೆ ಸಾಗುವುದಿಲ್ಲ. ಮೂರು ನಾಲ್ಕು ಸಲ ಹೀಗೆ ಹಾಕಿದ ಮೇಲೆ ಹಂತ 5ಕ್ಕೆ ಹೋಗಿ.

ಹೆಸರಿನ ಪ್ರಶ್ನೆ. ಕಾವ್ಯನಾಮ ಇಟ್ಟುಕೊಂಡರೆ ಅಂಜುಬುರುಕರು ಎಂದು ಯಾರೂ ಅನ್ನುವುದಿಲ್ಲ, ನಮ್ಮ ಜಿಲ್ಲೆಗಳಲ್ಲಿ ಅದು ಗೌರವದ ದಾರಿಯೇ. ಪಂಜೆ ಮಂಗೇಶರಾಯರು ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದರು. ಆದರೆ ಮುದ್ದಣ ಎಂದು ನಾವೆಲ್ಲ ಓದುವ ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರ ಕಥೆಯನ್ನೂ ನೆನೆಯಬೇಕು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಅವರು ತಮ್ಮ ಕಾವ್ಯವನ್ನು ಯಾರೋ ಹಳೆಯ ಕವಿಯದ್ದು ಎಂದು ಹೇಳಿ ಮೈಸೂರಿನ ಪ್ರಕಾಶಕರಿಗೆ ಕಳಿಸಿದರು. 1901ರಲ್ಲಿ, ಮೂವತ್ತು ದಾಟುತ್ತಿದ್ದ ಹಾಗೆಯೇ, ತೀರಿಕೊಂಡರು. ಮುದ್ದಣ ಎಂದರೆ ಇವರೇ ಎಂದು ಓದುಗರಿಗೆ ತಿಳಿದದ್ದು ಆಮೇಲೆ. ಓದಿ ಮೆಚ್ಚಿದವರ ಮಾತನ್ನು ಅವರು ತಮ್ಮ ಹೆಸರಿನಲ್ಲಿ ಕೇಳಿಸಿಕೊಳ್ಳಲೇ ಇಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಆದ್ದರಿಂದ ನನ್ನ ಸಲಹೆ ಹೀಗೆ: ಹೆಸರು ಬೇರೆ ಇರಲಿ, ಆದರೆ ಅದರ ಹಿಂದೆ ಇರುವವರು ನೀವೇ ಎಂದು ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಹೊಗಳಿಕೆ ಬಂದಾಗ ಹೇಳಿಕೊಳ್ಳಲು ಯಾರಾದರೂ ಬೇಕು.

## ಹಂತ 5: ಮೊದಲ ಪೋಸ್ಟ್ ಹಾಕುವ ದಿನ

ರಾತ್ರಿ ಹಾಕಬೇಡಿ. ರಾತ್ರಿ ಹನ್ನೊಂದರ ಹುಮ್ಮಸ್ಸಿನಲ್ಲಿ ಹಾಕಿದ್ದನ್ನೇ ಜನ ಬೆಳಗ್ಗೆ ಅಳಿಸುವುದು. ಶನಿವಾರ ಅಥವಾ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಒಳ್ಳೆಯ ಹೊತ್ತು. ಮುಂದಿನ ಎರಡು ಗಂಟೆಗೆ ಮನೆಯ ಹೊರಗೆ ಒಂದು ಕೆಲಸ ಮೊದಲೇ ಗೊತ್ತು ಮಾಡಿಡಿ.

ಇನ್ನು ಚಿತ್ರದ ಕೆಳಗೆ ಬರೆಯುವ ಮಾತು. ನೂರರಲ್ಲಿ ಎಂಬತ್ತು ಮಂದಿ ಮುಗ್ಗರಿಸುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಮಲ್ಪೆ ಬಂದರಿನಲ್ಲಿ ಬಲೆ ಹೆಣೆಯುವವರ ಒಂದು ಫೋಟೋ ಇದೆ ಎಂದುಕೊಳ್ಳಿ. ಅಂಜಿಕೆ ಇದ್ದವರು ಬರೆಯುವುದು ಹೀಗೆ:

"ಸುಮ್ನೆ ಟೈಂಪಾಸಿಗೆ ತೆಗ್ದದ್ದು. ಅಷ್ಟೇನೂ ಚೆನ್ನಾಗಿಲ್ಲ ಅಂತ ಗೊತ್ತುಂಟು. ತಪ್ಪಿದ್ರೆ ಕ್ಷಮಿಸಿ." ಕೊನೆಗೆ ಕೈಮುಗಿಯುವ ಎರಡು ಚಿಹ್ನೆ.

ಓದುವವರಿಗೆ ಇಲ್ಲಿ ಫೋಟೋದ ಬಗ್ಗೆ ಒಂದು ಮಾತೂ ಸಿಗಲಿಲ್ಲ. ಸಿಕ್ಕಿದ್ದು ನಿಮ್ಮನ್ನು ಸಮಾಧಾನ ಮಾಡುವ ಕೆಲಸ. ಕೆಲವರು "ಇಲ್ಲ ಇಲ್ಲ, ಚೆನ್ನಾಗಿದೆ" ಅನ್ನುತ್ತಾರೆ, ಅದನ್ನು ನೀವು ನಂಬುವುದಿಲ್ಲ. ಉಳಿದವರು ಮುಂದೆ ಹೋಗುತ್ತಾರೆ. ಅದನ್ನೇ ಹೀಗೆ ಬರೆಯಬಹುದು:

"ಮಲ್ಪೆ ಬಂದರು, ಜುಲೈ ತಿಂಗಳ ಮಧ್ಯಾಹ್ನ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಬಲೆ ಸರಿಮಾಡುವವರಿಗೆ ಮಾತ್ರ ಈಗಲೇ ಕೈತುಂಬ ಕೆಲಸ. ಅವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ತೆಗೆದದ್ದು."

ಎಲ್ಲಿ, ಯಾವಾಗ, ಏನು, ಹೇಗೆ. ಇಷ್ಟೇ. ಕ್ಷಮೆ ಇಲ್ಲ, ಜಂಬವೂ ಇಲ್ಲ. ಹಾಡಾದರೆ ರಾಗ, ತಾಳ, ಯಾರಲ್ಲಿ ಕಲಿಯುತ್ತಿದ್ದೀರಿ ಎಂಬುದು. ಕಥೆಯಾದರೆ ಮೊದಲ ವಾಕ್ಯವನ್ನೇ ಹಾಕಿ, ಬೇರೆ ಪೀಠಿಕೆ ಬೇಡ.

ಹಾಕುವ ಮುಂಚೆ ಫೋಟೋದಲ್ಲಿ ಮನೆಯ ಗೇಟು, ಗಾಡಿಯ ನಂಬರು, ಶಾಲೆಯ ಸಮವಸ್ತ್ರ ಕಾಣುತ್ತಿದೆಯೇ ಎಂದು ನೋಡಿ. ವಾಟ್ಸಾಪಿನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ತೆಗೆದ ಜಾಗದ ಮಾಹಿತಿಯೂ ಜೊತೆಗೇ ಹೋಗಬಹುದು. ಕ್ಯಾಮರಾದ ಲೊಕೇಶನ್ ಮೊದಲೇ ಆಫ್ ಮಾಡಿ.

ನೋಟ್‌ಬುಕ್ಕಿನಲ್ಲಿ ಈ ಕ್ಷಣದ ಹೆದರಿಕೆಗೆ ಹತ್ತರಲ್ಲಿ ಎಷ್ಟು ಎಂದು ಬರೆಯಿರಿ. ಹಾಕಿ. ನೋಟಿಫಿಕೇಶನ್ ಆಫ್ ಮಾಡಿ. ಫೋನು ಮನೆಯಲ್ಲಿ ಬಿಟ್ಟು ಹೊರಡಿ.

ಮರಳಿ ಬಂದ ಮೇಲೆ ಮತ್ತೊಮ್ಮೆ ಅಂಕ, ಮರುದಿನ ಬೆಳಗ್ಗೆ ಇನ್ನೊಮ್ಮೆ. ಸಾಮಾನ್ಯವಾಗಿ ಹಾಕಿದ ಹೊಸದರಲ್ಲಿ ಏರಿ, ಆಮೇಲೆ ಇಳಿಯುತ್ತದೆ. ಆ ಇಳಿತವನ್ನು ನಿಮ್ಮ ಕೈಬರಹದಲ್ಲೇ ನೋಡುವುದು ಮುಖ್ಯ, ಮುಂದಿನ ಸಲ ಎದೆ ಹೊಡೆದುಕೊಳ್ಳುವಾಗ ಆ ಪುಟ ತೆರೆಯಬಹುದು. ಏರಿದ ಹೊತ್ತಿನಲ್ಲೇ ಅಳಿಸಿದರೆ ಮನಸ್ಸಿಗೆ ತಕ್ಷಣ ಹಾಯೆನಿಸುತ್ತದೆ, "ಅಳಿಸಿದ್ದರಿಂದ ಬಚಾವಾದೆ" ಎಂಬ ಪಾಠ ಗಟ್ಟಿಯಾಗುತ್ತದೆ, ಮುಂದಿನ ಸಲ ಹೆದರಿಕೆ ಇನ್ನೂ ದೊಡ್ಡದಾಗಿ ಬರುತ್ತದೆ. ಆದ್ದರಿಂದ ನಿಯಮ ಒಂದೇ: ಮೂರು ದಿನ ಅಳಿಸುವ ಹಾಗಿಲ್ಲ. ಹಂತ 1ರ ನಾಲ್ಕನೆಯ ಬಗೆಯ ನಿಜವಾದ ತೊಂದರೆ ಕಂಡರೆ ಮಾತ್ರ ಅಳಿಸಬಹುದು.

## ಹಂತ 6: ಯಾರೂ ಏನೂ ಹೇಳದಿದ್ದಾಗ

ಬೈಗುಳಕ್ಕೆ ಸಿದ್ಧರಾಗಿ ಹೋದವರಿಗೆ ಸಿಗುವುದು ಹೆಚ್ಚಾಗಿ ಮೌನ. ಎರಡು ಲೈಕ್, ಅದರಲ್ಲಿ ಒಂದು ಯಾವುದೋ ಅಂಗಡಿಯ ಖಾತೆಯದ್ದು. ಇದನ್ನು ತೀರ್ಪು ಎಂದು ಓದಬೇಡಿ. ಹೊಸ ಖಾತೆಯನ್ನು ಯಾರಿಗೂ ತೋರಿಸಿಲ್ಲ, ಅಷ್ಟೇ ಅದರ ಅರ್ಥ.

ಈಗ ಮಾಡಬೇಕಾದದ್ದು ಎರಡು. ಸಿದ್ಧವಿರುವ ಎರಡನೆಯದನ್ನು ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಹಾಕಿ. ನಡುವಿನ ದಿನಗಳಲ್ಲಿ ಅದೇ ಬಗೆಯ ಕೆಲಸ ಮಾಡುವ ಬೇರೆಯವರ ಕೆಲಸಕ್ಕೆ ಮನಸ್ಸಿಟ್ಟು ಪ್ರತಿಕ್ರಿಯೆ ಬರೆಯಿರಿ. "ಸೂಪರ್" ಎಂದಲ್ಲ. "ಎರಡನೆಯ ಚರಣದಲ್ಲಿ ಕಾಲ ನಿಧಾನಿಸಿದ್ದು ಇಷ್ಟವಾಯಿತು" ಎನ್ನುವ ಹಾಗೆ. ಕೆಲಸ ಬಲ್ಲವರು ಆ ಮಾತು ಬರೆದವರು ಯಾರು ಎಂದು ತಿರುಗಿ ನೋಡುತ್ತಾರೆ. ಮೊದಲ ಓದುಗರು ಬರುವ ದಾರಿ ಇದೇ, ಹ್ಯಾಶ್‌ಟ್ಯಾಗಿನ ಸಾಲಿನಿಂದ ಬರುವವರು ಕಡಿಮೆ.

ಹೆದರಿಕೆಯ ಅಂಕ ಮೊದಲಿನ ಅರ್ಧಕ್ಕೆ ಇಳಿಯುವ ತನಕ ಇದೇ ಮೆಟ್ಟಿಲಿನಲ್ಲಿ ಇರಿ. ಕೆಲವರಿಗೆ ಐದು ಪೋಸ್ಟ್ ಸಾಕು, ಕೆಲವರಿಗೆ ಇಡೀ ಮಳೆಗಾಲ ಬೇಕಾಗಬಹುದು.

## ಹಂತ 7: ಮಾತು ಬಂದಾಗ ವಿಂಗಡಿಸಿ, ಆಮೇಲೆ ಉತ್ತರಿಸಿ

ಓದಿದ ತಕ್ಷಣ ಉತ್ತರಿಸಬೇಡಿ. ಒಂದು ಊಟದ ಹೊತ್ತು ಕಳೆಯಲಿ.

ತಿದ್ದುಪಡಿ ಬಂದರೆ, ಉದಾಹರಣೆಗೆ "ಆ ಪದ್ಯ ಏಕತಾಳ ಅಲ್ಲ, ಅಷ್ಟತಾಳ" ಎಂದರೆ, ಪರಿಶೀಲಿಸಿ, ಸರಿಯಿದ್ದರೆ "ಹೌದು, ತಿದ್ದಿಕೊಂಡೆ, ಧನ್ಯವಾದ" ಎಂದು ಬರೆಯಿರಿ. ಎಲ್ಲರೆದುರು ತಿದ್ದಿಕೊಂಡವರ ಮೇಲೆ ಓದುಗರಿಗೆ ನಂಬಿಕೆ ಬೆಳೆಯುತ್ತದೆ. ರುಚಿಯ ಮಾತು, "ನನಗೆ ಹಿಡಿಸಲಿಲ್ಲ" ಎಂಬುದು, ಅವರ ಹಕ್ಕು. ಅದಕ್ಕೆ ಉತ್ತರವೇ ಬೇಡ.

ನಮ್ಮ ಕಡೆಯವರಿಗೆ ಇನ್ನೊಂದು ಬಗೆ ತಪ್ಪದೆ ಬರುತ್ತದೆ. ಕುಂದಾಪುರ ಕನ್ನಡದಲ್ಲಿ, ಮಂಗಳೂರಿನ ಮಾತಿನಲ್ಲಿ ಬರೆದರೆ "ಇದು ಯಾವ ಕನ್ನಡ?" ಎಂದು ಕೇಳುವವರಿದ್ದಾರೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದರೂ ಹೀಗೆಯೇ. ದಯವಿಟ್ಟು ಈ ಮಾತಿಗೆ ಹೆದರಿ ನಿಮ್ಮ ಭಾಷೆ ಬದಲಿಸಬೇಡಿ. "ನಮ್ಮ ಊರಿನ ಮಾತು. ಯಾವ ಪದ ತಿಳಿಯಲಿಲ್ಲ ಹೇಳಿ, ಅರ್ಥ ಬರೆಯುತ್ತೇನೆ" ಎಂದು ಉತ್ತರಿಸಿ. ಕೇಳಿದವರಲ್ಲಿ ಕೆಲವರಿಗೆ ನಿಜವಾಗಿಯೂ ಅರ್ಥ ಬೇಕಿರುತ್ತದೆ.

ಕೀಳು ಮಾತಿಗೆ ಉತ್ತರ ಇಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಬೇಡದ ಪದಗಳ ಪಟ್ಟಿ ಕೊಟ್ಟರೆ ಅಂಥ ಕಮೆಂಟು ತಾನಾಗಿ ಮರೆಯಾಗುತ್ತದೆ. ಕನ್ನಡದ ಬೈಗುಳಗಳನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ನೀವೇ ಸೇರಿಸಿ. "ರಿಸ್ಟ್ರಿಕ್ಟ್" ಮಾಡಿದರೆ ಆ ವ್ಯಕ್ತಿಯ ಕಮೆಂಟು ನೀವು ಒಪ್ಪದ ಹೊರತು ಬೇರೆಯವರಿಗೆ ಕಾಣುವುದಿಲ್ಲ, ಅವರಿಗೆ ಅದು ತಿಳಿಯುವುದೂ ಇಲ್ಲ. ಊರಿನವರನ್ನು ಬ್ಲಾಕ್ ಮಾಡಿ ನಾಳೆ ಮದುವೆ ಮನೆಯಲ್ಲಿ ಮುಖ ನೋಡುವ ಕಷ್ಟ ಇದ್ದಾಗ ಇದು ಒಳ್ಳೆಯ ಉಪಾಯ. ಯೂಟ್ಯೂಬಿನಲ್ಲಿ ಕಮೆಂಟುಗಳನ್ನು ಪರಿಶೀಲನೆಗೆ ತಡೆಹಿಡಿಯುವ ಆಯ್ಕೆ ಇದೆ.

ಬೆದರಿಕೆ, ಮಾರ್ಫ್ ಮಾಡಿದ ಚಿತ್ರ, ಹಿಂಬಾಲಿಸುವ ಮೆಸೇಜು ಬಂದರೆ ಕ್ರಮ ತಪ್ಪಬಾರದು. ಮೊದಲು ಖಾತೆಯ ಹೆಸರು, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್, ಲಿಂಕ್ ಕಾಪಿ. ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಮೊದಲೇ ಬ್ಲಾಕ್ ಮಾಡಿದರೆ ಸಾಕ್ಷಿ ಕೈತಪ್ಪುತ್ತದೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಕೊಡಬಹುದು, ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಒಬ್ಬರೇ ಹೋಗಬೇಡಿ.

## ಹಂತ 8: ಗುರುತಿನವರ ಮುಂದೆ

ಇಲ್ಲಿಗೆ ಬರುವಾಗ ಹತ್ತು ಹನ್ನೆರಡು ಕೆಲಸ ಹೊರಗೆ ಬಂದಿರುತ್ತವೆ, ನಾಲ್ಕೈದು ಮಂದಿ ಗುರುತಿಲ್ಲದವರು ಓದುತ್ತಿರುತ್ತಾರೆ. ಕುಟುಂಬದವರ ಒಂದು ಮಾತು ನಿಮ್ಮನ್ನು ಪೂರ್ತಿ ಕೆಡವದಷ್ಟು ನೆಲ ಕಾಲಡಿಯಲ್ಲಿ ಇರುತ್ತದೆ. ಅದಕ್ಕೇ ಇದು ಕೊನೆಗೆ.

ಗುಂಪಿಗೆ ಲಿಂಕ್ ಎಸೆಯಬೇಡಿ. ಮೊದಲು ಒಬ್ಬ ಸಂಬಂಧಿಕರಿಗೆ, ನಿಮ್ಮ ಬಗ್ಗೆ ಅಕ್ಕರೆ ಇರುವ ಚಿಕ್ಕಮ್ಮನಿಗೋ ಭಾವನಿಗೋ, ಎದುರು ಕೂತು ತೋರಿಸಿ. ಗುಂಪಿನಲ್ಲಿ ಮಾತು ಬಂದಾಗ ಅವರೇ ಮೊದಲು ನಿಮ್ಮ ಪರ ನಿಲ್ಲುತ್ತಾರೆ.

ಬರುವ ಪ್ರಶ್ನೆ ಮೊದಲೇ ಗೊತ್ತಿರುವುದರಿಂದ ಉತ್ತರವನ್ನೂ ಮೊದಲೇ ಸಿದ್ಧ ಮಾಡಿ.

"ಎಂತ ಮಾರಾಯ, ಹಾಡ್ಲಿಕ್ಕೆ ಶುರು ಮಾಡಿದ್ದಾ? ಇದ್ರಲ್ಲಿ ಎಂತ ಸಿಗ್ತದೆ?"

"ಈಗ ಎಂತ ಸಿಗುದಿಲ್ಲ ದೊಡ್ಡಪ್ಪ. ಕಲಿತಾ ಇದ್ದೇನೆ. ನೀವು ಚಿಕ್ಕವರಿರುವಾಗ ಬಯಲಾಟಕ್ಕೆ ಹೋಗ್ತಿದ್ರಲ್ವಾ, ಆಗ ಈ ಪದ್ಯ ಹೇಗೆ ಹಾಡ್ತಿದ್ರು?"

ಮಾತು ಅವರ ನೆನಪಿನ ಕಡೆ ಹೋಗುತ್ತದೆ. ಒಳ್ಳೆಯ ಸಂಗತಿಯೂ ಸಿಗಬಹುದು, ಹಿರಿಯರ ಹತ್ತಿರ ಇರುವ ಆಟದ ನೆನಪು ಸಣ್ಣದಲ್ಲ. ಆದರೆ ಮುಂಬಯಿಯ ಮಾವ, ದುಬೈಯ ಅಣ್ಣ ಎಲ್ಲರೂ ಮೆಚ್ಚಲೇಬೇಕು ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಕುಟುಂಬದವರು ನಿಮ್ಮ ಓದುಗರಾಗಬೇಕೆಂದಿಲ್ಲ. ಅವರಿಗೆ ಗೊತ್ತಾದರೂ ನಿಮ್ಮ ಕೈ ನಿಲ್ಲದಿದ್ದರೆ ಈ ಹಂತ ಮುಗಿದಂತೆ.

## ನಿಲ್ಲಿಸಿ ಹಿಂದೆ ಬರಬೇಕಾದ ಲಕ್ಷಣಗಳು

ಹತ್ತು ನಿಮಿಷಕ್ಕೊಮ್ಮೆ ಎಷ್ಟು ಜನ ನೋಡಿದರು ಎಂದು ತೆರೆಯುತ್ತಿದ್ದೀರಿ. ಹಿಂದಿನದಕ್ಕೆ ಲೈಕ್ ಬಂದಿತೆಂದು ಅದನ್ನೇ ಇನ್ನೊಂದು ಬಣ್ಣದಲ್ಲಿ ಮಾಡುತ್ತಿದ್ದೀರಿ. ಹೊಸದು ಏನೂ ಮಾಡದೆ ಹಳೆಯದನ್ನೇ ಹಾಕುತ್ತಿದ್ದೀರಿ. ಇವುಗಳಲ್ಲಿ ಯಾವುದು ಕಂಡರೂ ಎರಡು ವಾರ ಹಾಕುವುದನ್ನು ನಿಲ್ಲಿಸಿ, ಮಾಡುವುದನ್ನು ಮಾತ್ರ ಮುಂದುವರಿಸಿ.

ಇದಕ್ಕಿಂತ ಗಂಭೀರವಾದದ್ದು ಬೇರೆ. ಒಂದು ಕಮೆಂಟಿನ ಯೋಚನೆಯಲ್ಲಿ ದಿನಗಟ್ಟಲೆ ನಿದ್ದೆ ಇಲ್ಲ, ಜನರ ಮುಖ ನೋಡಲು ಆಗದೆ ಕೆಲಸಕ್ಕೆ, ಕ್ಲಾಸಿಗೆ ಹೋಗುವುದು ತಪ್ಪುತ್ತಿದೆ, ಪೋಸ್ಟಿನ ಸುದ್ದಿ ಎತ್ತಿದರೆ ಉಸಿರು ಕಟ್ಟಿ ಮೈ ನಡುಗುತ್ತದೆ ಎಂದಾದರೆ ಈ ಹಂತಗಳಿಂದ ಅದು ಸರಿಹೋಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೋವೈದ್ಯರ ಹತ್ತಿರ ಹೋಗುವುದರಲ್ಲೂ ಸಂಕೋಚ ಬೇಡ.

## ಮಧ್ಯದಲ್ಲಿ ನಿಂತುಹೋದರೆ

ಪರೀಕ್ಷೆ, ಹೆರಿಗೆ, ಮನೆಯಲ್ಲಿ ಕಾಯಿಲೆ, ಯಾವುದಕ್ಕೋ ಮೂರು ನಾಲ್ಕು ತಿಂಗಳು ಬಿಟ್ಟುಹೋಗುತ್ತದೆ. ಆಗ ಹೆದರಿಕೆ ಸ್ವಲ್ಪ ಮಟ್ಟಿಗೆ ಮರಳಿ ಬರುತ್ತದೆ, ಅದು ಸಹಜ. ಬಿಟ್ಟ ಜಾಗದಿಂದಲೇ ಶುರು ಮಾಡಲು ಹೋಗಬೇಡಿ, "ಇಷ್ಟು ದಿನ ಬರಲಿಲ್ಲ, ಕ್ಷಮಿಸಿ" ಎಂಬ ಪೋಸ್ಟೂ ಬೇಡ. ಹಂತ 3ಕ್ಕೆ ಹೋಗಿ, ಹೊಸದೊಂದನ್ನು ಆ ಒಬ್ಬರಿಗೆ ಕಳಿಸಿ, ಅದೇ ಎರಡು ಪ್ರಶ್ನೆ ಕೇಳಿ. ಮುಂದಿನ ಶನಿವಾರ ಬೆಳಗ್ಗೆ ಅದನ್ನು ಹಾಕಿ.